ಗಂಟಿಗೆ ಹೆಸರು ಸಿಗುವವರೆಗೆ

ಅಡಿಕೆ ಕೊಯ್ಲಿನ ದಿನಗಳಲ್ಲಿ ನಮ್ಮ ಕಡೆ ಯಾರಿಗೆ ಜ್ವರ ಬಂದರೂ ಮೊದಲು ಕೇಳುವುದು, "ಕಾಡಿಗೆ ಹೋಗಿದ್ರಾ?" ಅಂತ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಲ್ಲಿ ಚಳಿ ಹಿಡಿದ ಮೇಲೆ ಮಳೆಗಾಲ ಶುರುವಾಗುವವರೆಗೂ ಜ್ವರದ ಜೊತೆ ಮಂಗನ ಕಾಯಿಲೆಯ ಹೆದರಿಕೆ ಇದ್ದೇ ಇರುತ್ತದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಆ ವೈರಸ್ ಪತ್ತೆಯಾದಾಗ ಅಪ್ಪಯ್ಯ ಎರಡು ವರ್ಷದ ಮಗು. ಅವರ ಲೆಕ್ಕದಲ್ಲಿ ವೈರಸ್ ಅಂದರೆ ಉಣುಗು, ಸತ್ತ ಮಂಗ, ಉಣುಗು ಕಚ್ಚದಂತೆ ತೋಟಕ್ಕೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳುವ ಡಿಎಂಪಿ ಎಣ್ಣೆ. 2022ರ ಡಿಸೆಂಬರಿನಲ್ಲಿ ಅವರಿಗೆ ಸಂಜೆ ಹೊತ್ತು ಜ್ವರ ಕಾಣಿಸಿಕೊಂಡಾಗ ಆರೋಗ್ಯ ಕೇಂದ್ರದವರು ಅದಕ್ಕೆಂದೇ ರಕ್ತ ತೆಗೆದುಕೊಂಡರು. ಮಂಗನ ಕಾಯಿಲೆ ಅಲ್ಲ ಎಂದು ವರದಿ ಬಂದ ದಿನ ಮನೆಯಲ್ಲಿ ಎಲ್ಲರೂ ನಿರಾಳವಾದೆವು.

ಜ್ವರ ಮಾತ್ರ ಬಿಡಲಿಲ್ಲ. ರಾತ್ರಿ ಬೆವರು ಎಷ್ಟು ಬರುತ್ತಿತ್ತೆಂದರೆ ಅಮ್ಮ ಎರಡು ಸಲ ಬನಿಯನ್ ಬದಲಿಸಿಕೊಡುತ್ತಿದ್ದಳು. ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಜನವರಿಯಲ್ಲಿ ಒಂದು ದಿನ ಗಡ್ಡ ಕೆರೆದುಕೊಳ್ಳುವಾಗ ಅಪ್ಪಯ್ಯ ನನ್ನನ್ನು ಕರೆದು, "ಇಲ್ಲಿ ಮುಟ್ಟಿ ನೋಡಾ" ಎಂದರು. ಎಡಗುತ್ತಿಗೆಯಲ್ಲಿ, ಕಿವಿಯ ಕೆಳಗೆ, ನೆಲ್ಲಿಕಾಯಿಗಿಂತ ದೊಡ್ಡ ಗಂಟು. ಒತ್ತಿದರೆ ನೋವಿಲ್ಲ. ರಬ್ಬರಿನ ಚೆಂಡಿನ ಹಾಗೆ ಕೈಗೆ ಸಿಗುತ್ತಿತ್ತು.

ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಎಫ್‌ಎನ್‌ಎಸಿ ಅನ್ನುತ್ತಾರಲ್ಲ, ಅದು. ಸತ್ತ ಜೀವಕೋಶಗಳು, ಒಂದಷ್ಟು ಉರಿಯೂತದ ಕೋಶಗಳು ಕಂಡಿವೆ, ಕ್ಷಯ ಇರಬಹುದು ಎಂದು ವರದಿಯಲ್ಲಿತ್ತು. 'ಇರಬಹುದು' ಎಂಬ ಆ ಮಾತಿನ ಮೇಲೆ ಟಿಬಿ ಮಾತ್ರೆ ಶುರುವಾಯಿತು. ಕ್ಷಯದ ಕ್ರಿಮಿ ಇದೆಯೇ ಎಂದು ಆ ದ್ರವವನ್ನೇ ಸಿಬಿನಾಟ್ ಪರೀಕ್ಷೆಗೆ ಹಾಕಬಹುದಿತ್ತು. ಯಾರೂ ಹಾಕಲಿಲ್ಲ. ಹಾಕಿ ಎಂದು ಕೇಳಬೇಕೆಂಬುದು ನನಗೂ ಆಗ ಗೊತ್ತಿರಲಿಲ್ಲ. ಮಾತ್ರೆಯಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತು, ಊಟ ಸೇರದಾಯಿತು. ಎಂಟು ವಾರ ಕಳೆಯುವಷ್ಟರಲ್ಲಿ ಗಂಟು ನಿಂಬೆಹಣ್ಣಿನಷ್ಟಾಗಿ ಅದರ ಪಕ್ಕ ಇನ್ನೆರಡು ಹುಟ್ಟಿಕೊಂಡವು. ಆ ಎಂಟು ವಾರ ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ. ನಮ್ಮ ದೇಶದಲ್ಲಿ ಕುತ್ತಿಗೆಯ ಗಂಟೆಂದರೆ ಕ್ಷಯ ನೆನಪಾಗುವುದು ಸಹಜ, ಅಷ್ಟು ಜನರಿಗೆ ಅದು ಇದೆ. ಆದರೆ ಔಷಧಿ ಹಾಕಿಯೂ ಗಂಟು ಬೆಳೆಯುತ್ತಿದೆ ಅಂದಾಗಲಾದರೂ ಯಾರಾದರೂ ಅನುಮಾನ ಪಡಬೇಕಿತ್ತು.

ಅನುಮಾನ ಪಟ್ಟವರು ಊರಿನ ಪರಿಚಯದ ಮೇಲೆ ನಾವು ಕಾಣಲು ಹೋದ ಇನ್ನೊಬ್ಬ ಸರ್ಜನ್. ಗಂಟನ್ನು ಮುಟ್ಟಿ ನೋಡಿ, ಕಂಕುಳು, ತೊಡೆಸಂದು, ಹೊಟ್ಟೆ ಎಲ್ಲ ಒತ್ತಿ ನೋಡಿದರು. ಆಮೇಲೆ ಅವರು ಮೂರು ಸಲ ಕೇಳಿದ್ದು ಒಂದೇ ಮಾತು: "ಸ್ಟೀರಾಯ್ಡ್ ಏನಾದ್ರೂ ಕೊಟ್ಟಿದಾರಾ? ಜ್ವರಕ್ಕೆ, ನೋವಿಗೆ ಅಂತ ಸಣ್ಣ ಬಿಳಿ ಮಾತ್ರೆ?" ಇಲ್ಲ ಎಂದೆ. "ಒಳ್ಳೇದಾಯ್ತು. ಇದು ಲಿಂಫೋಮಾ ಆಗಿದ್ರೆ ಸ್ಟೀರಾಯ್ಡಿಗೆ ಗಂಟು ಕರಗಿ ಹೋಗುತ್ತೆ, ಕಾಯಿಲೆ ಹೋಗಲ್ಲ. ಆಮೇಲೆ ತೆಗೆದು ನೋಡಿದ್ರೆ ಏನಿತ್ತು ಅಂತಾನೇ ತಿಳಿಯಲ್ಲ. ಸೂಜಿ ಸಾಲದು, ಇಡೀ ಗಂಟು ತೆಗೀಬೇಕು" ಎಂದರು. ಲಿಂಫೋಮಾ ಅಂದರೆ ದುಗ್ಧಗ್ರಂಥಿಗಳಲ್ಲಿ ಹುಟ್ಟುವ, ಬಿಳಿರಕ್ತಕಣಗಳ ಕ್ಯಾನ್ಸರ್. ಗ್ರಂಥಿಯ ಒಳಗೆ ಕೋಶಗಳು ಹೇಗೆ ಕೂತಿವೆ ಅನ್ನುವುದೇ ಅರ್ಧ ರೋಗನಿರ್ಣಯವಂತೆ. ಸೂಜಿಯಲ್ಲಿ ಬಿಡಿ ಕೋಶಗಳು ಬರುತ್ತವೆ, ಅವು ಕೂತಿದ್ದ ಜಾಗ ಬರುವುದಿಲ್ಲ.

ಮಾರ್ಚ್ ಕೊನೆಯಲ್ಲಿ, ಕುತ್ತಿಗೆಗೆ ಮಾತ್ರ ಮರಗಟ್ಟಿಸಿ ಗಂಟನ್ನು ಪೂರ್ತಿಯಾಗಿ ತೆಗೆದರು. ಮುಕ್ಕಾಲು ಗಂಟೆಯ ಕೆಲಸ. ಸಿಸ್ಟರ್ ಹೊರಗೆ ಬಂದು ನನ್ನ ಕೈಗೆ ಎರಡು ಡಬ್ಬಿ ಕೊಟ್ಟರು. ಫಾರ್ಮಲಿನ್ ತುಂಬಿದ್ದ ಅಗಲ ಬಾಯಿಯ ದೊಡ್ಡ ಡಬ್ಬಿಯಲ್ಲಿ ಗಂಟಿನ ಮುಕ್ಕಾಲು ಭಾಗ ಇತ್ತು. ಇನ್ನೊಂದು ಸಣ್ಣದು, ಅದರಲ್ಲಿ ಬರೀ ಸಲೈನು, ಕ್ಷಯದ ಪರೀಕ್ಷೆಗೆ. ಫಾರ್ಮಲಿನ್ನಿನಲ್ಲಿ ಹಾಕಿದರೆ ಕ್ಷಯದ ಕ್ರಿಮಿ ಸತ್ತು ಕಲ್ಚರಿನಲ್ಲಿ ಬೆಳೆಯುವುದಿಲ್ಲ, ಅದಕ್ಕೇ ಎರಡು. "ಲ್ಯಾಬಿಗೆ ಈಗ್ಲೇ ಕೊಟ್ಟು ಬನ್ನಿ" ಎಂದರು. ಗಂಟಿನ ಕತ್ತರಿಸಿದ ಮುಖ ಬಿಳಿಚಿಕೊಂಡು, ಹಸಿ ಮೀನಿನ ತುಂಡಿನ ಹಾಗಿತ್ತು. ಕಣ್ಣು ಉರಿಸುವ ಆ ಫಾರ್ಮಲಿನ್ ವಾಸನೆಯಲ್ಲಿ, ಅಪ್ಪಯ್ಯನ ಮೈಯಿಂದ ಬಂದ ಒಂದು ತುಂಡನ್ನು ಎದೆಗೊತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದೆ.

ಐದು ದಿನಕ್ಕೆ ಬಂದ ವರದಿಯಲ್ಲಿ ಕ್ಷಯ ಇಲ್ಲ ಎಂದಿತ್ತು. ದೊಡ್ಡ ದೊಡ್ಡ ಅಸಹಜ ಲಿಂಫಾಯ್ಡ್ ಕೋಶಗಳು, ನಡುನಡುವೆ ವಿಸ್ತಾರವಾಗಿ ಸತ್ತ ಜಾಗ, ಅಲ್ಲೊಂದು ಇಲ್ಲೊಂದು ಎರಡು ಕಣ್ಣಿನ ಗೂಬೆ ಮುಖದಂಥ ಕೋಶ. ಕೊನೆಯ ಸಾಲಿನಲ್ಲಿ, 'ಲಿಂಫೋಮಾ; ಐಎಚ್‌ಸಿ ಮಾಡಿಸಿ' ಎಂದು ಬರೆದಿದ್ದರು. ಐಎಚ್‌ಸಿ ಅಂದರೆ ಪ್ರತಿಕಾಯ ಹಾಕಿ ಕೋಶದ ಗುರುತು ಹಿಡಿಯುವ ಪರೀಕ್ಷೆ. ಕ್ಯಾನ್ಸರ್ ಎಂಬ ಪದ ಎಲ್ಲೂ ಇರಲಿಲ್ಲ. ಆದರೂ ತಂಗಿ ಫೋನಿನಲ್ಲಿ ಅದನ್ನು ಓದಿಸಿಕೊಂಡು ಅಳತೊಡಗಿದಳು.

ಹಾಗಾದರೆ ಕಿಮೋ ಶುರು ಮಾಡಿಬಿಡಲಿ, ತಡ ಯಾಕೆ? ನಮ್ಮೆಲ್ಲರ ತಲೆಯಲ್ಲಿ ಇದ್ದದ್ದು ಇದೇ. ಬೆಂಗಳೂರಿನ ಕ್ಯಾನ್ಸರ್ ಡಾಕ್ಟರು ಆ ವರದಿ ನೋಡಿ, "ಲಿಂಫೋಮಾ ಅನ್ನೋದು ಮನೆತನದ ಹೆಸರಿದ್ದ ಹಾಗೆ. ನನಗೆ ಆಳಿನ ಹೆಸರು ಬೇಕು. ಬ್ಲಾಕ್ ತಂದಿದೀರಾ?" ಎಂದು ಕೇಳಿದರು. ತಂದಿರಲಿಲ್ಲ. ಆ ರಾತ್ರಿಯೇ ರೈಲು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಅರ್ಜಿ ಬರೆದುಕೊಟ್ಟು ಬ್ಲಾಕು, ಸ್ಲೈಡು ತೆಗೆದುಕೊಂಡೆ. ಬ್ಲಾಕ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಮೇಣ, ಮೇಣದೊಳಗೆ ಗಂಟಿನ ಚೂರು. ನಂಬರು ಸರಿಯಿದೆಯೇ ಎಂದು ವರದಿಯ ಜೊತೆ ಹೋಲಿಸಿ ನೋಡಿಕೊಂಡೆ. ಬಿಸಿಲಿಗೆ ಮೇಣ ಕರಗೀತೆಂದು ಬ್ಯಾಗಿನಲ್ಲಿ ಬಟ್ಟೆಯ ನಡುವೆ ಸುತ್ತಿಟ್ಟು, ಬೆಂಗಳೂರು ಬರುವವರೆಗೂ ಆ ಬ್ಯಾಗನ್ನು ತಲೆದಿಂಬು ಮಾಡಿಕೊಂಡಿದ್ದೆ. ನಮ್ಮ ದಾರಿಯಲ್ಲಿ ಬರುವವರಿಗೆ ಒಂದು ಮಾತು ಹೇಳುತ್ತೇನೆ: ಬ್ಲಾಕ್ ನಿಮ್ಮದು, ಕೇಳಿ ಪಡೆದುಕೊಳ್ಳಿ, ಕಳೆದುಕೊಳ್ಳಬೇಡಿ. ಎಲ್ಲ ಪರೀಕ್ಷೆಗಳೂ ಅದರಿಂದಲೇ ಆಗಬೇಕು.

ಹನ್ನೊಂದು ದಿನ ಕಾಯಬೇಕಾಯಿತು. ತಂಗಿಯ ಮನೆಯಲ್ಲಿದ್ದೆವು. ಅಪ್ಪಯ್ಯ ಬಾಲ್ಕನಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. "ಗೋಟಡಿಕೆ ಸುಲಿಸಿದ್ರಾ?" ಎಂದು ಊರಿಗೆ ಫೋನು ಮಾಡಿ ಕೇಳುತ್ತಿದ್ದರು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು. ಪ್ರತಿಕಾಯ, ಪ್ರತಿಜನಕ ಅಂತ ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದೇನೋ. ಆ ಪದಗಳಿಗೆ ಅರ್ಥ ಸಿಕ್ಕಿದ್ದು ಹನ್ನೆರಡನೆಯ ದಿನ, ಪೆಥಾಲಜಿ ವಿಭಾಗದ ಸಣ್ಣ ಕೋಣೆಯಲ್ಲಿ. ನಾನು ಮೇಷ್ಟ್ರು ಎಂದು ತಿಳಿದ ಪೆಥಾಲಜಿ ಮೇಡಂ, "ಬನ್ನಿ, ನೀವೇ ನೋಡಿ" ಎಂದು ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪಿನ ಎದುರು ಕೂರಿಸಿಕೊಂಡರು. ಹತ್ತು ನಿಮಿಷ ಎಂದವರು ಮುಕ್ಕಾಲು ಗಂಟೆ ಕೊಟ್ಟರು. ಅವರ ಆ ಉಪಕಾರವನ್ನು ಮರೆಯಲಾರೆ.

ಮೊದಲು ಐಎಚ್‌ಸಿ ಮಾಡುವ ಕ್ರಮ ಹೇಳಿದರು. ಬ್ಲಾಕಿನಿಂದ ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರ ಕೊಯ್ಯುತ್ತಾರೆ, ತಲೆಕೂದಲನ್ನು ಇಪ್ಪತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟೋ ಅಷ್ಟು. ಗಾಜಿಗೆ ಅಂಟಿಸಿ ಮೇಣ ತೆಗೆಯುತ್ತಾರೆ. ಫಾರ್ಮಲಿನ್ ಅಂಗಾಂಶವನ್ನು ಕೆಡದಂತೆ ಇಡುತ್ತದೆ ನಿಜ, ಆದರೆ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಮುಚ್ಚಿಬಿಡುತ್ತದೆ. ಅವು ಬಿಚ್ಚಿಕೊಳ್ಳಲು ಬಿಸಿ ಬೇಕು. "ಪ್ರೆಶರ್ ಕುಕ್ಕರಿನಲ್ಲೇ ಕುದಿಸ್ತಿದ್ವಿ, ಈಗ ಮೆಷಿನ್ ಬಂದಿದೆ" ಎಂದರು. ಆಮೇಲೆ ಒಂದೊಂದು ಸ್ಲೈಡಿಗೆ ಒಂದೊಂದು ಪ್ರತಿಕಾಯ ಹಾಕುತ್ತಾರೆ. ಅದು ತನ್ನ ಜೋಡಿ ಪ್ರೋಟೀನು ಇರುವ ಕೋಶಕ್ಕೆ ಹೋಗಿ ಅಂಟುತ್ತದೆ. ಅಂಟಿದ ಜಾಗ ಕಣ್ಣಿಗೆ ಕಾಣಲೆಂದು ಇನ್ನೊಂದು ಪ್ರತಿಕಾಯ, ಕಿಣ್ವ, ಬಣ್ಣ. ಅಂಟಿದಲ್ಲಿ ಕಂದು, ಉಳಿದದ್ದು ನೀಲಿ.

ಇಂಥ ಒಂದೇ ಗುರಿಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ಸಿಕ್ಕಿದ್ದು 1975ರಲ್ಲಿ, ಕೇಂಬ್ರಿಡ್ಜಿನಲ್ಲಿ. ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಎಂಬ ಇಬ್ಬರು ಇಲಿಯ ಪ್ರತಿಕಾಯ ಮಾಡುವ ಕೋಶವನ್ನು ಸಾಯದೆ ಬೆಳೆಯುವ ಕ್ಯಾನ್ಸರ್ ಕೋಶದ ಜೊತೆ ಬೆಸೆದರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಆ ದಾರಿ ಸಿಕ್ಕಿದ ಮೇಲೆ ಲೋಕದ ಪ್ರಯೋಗಾಲಯಗಳೆಲ್ಲ ಬಿಳಿರಕ್ತಕಣಗಳ ಮೇಲಿನ ಪ್ರೋಟೀನಿಗೆ ತಮತಮಗೆ ತೋಚಿದ ಹೆಸರಿಡತೊಡಗಿದಾಗ, 1982ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿ ಸಿಡಿ ಎಂಬ ಅಕ್ಷರ ಹಿಡಿದು ನಂಬರು ಕೊಡುವ ಪದ್ಧತಿ ಮಾಡಿಕೊಂಡರು. ಅಪ್ಪಯ್ಯನ ವರದಿಯಲ್ಲಿ ನಾನು ಓದಿ ಗಾಬರಿಯಾಗಿದ್ದ ಸಿಡಿ3, ಸಿಡಿ20, ಸಿಡಿ30 ಎಲ್ಲ ಆ ನಂಬರುಗಳೇ.

ಮೊದಲ ಸ್ಲೈಡು ಸಿಡಿ20. ಕಣ್ಣಿಟ್ಟೆ. ದೊಡ್ಡ ಕೋಶಗಳ ಸುತ್ತ, ಬೇಲಿ ಹಾಕಿದ ಹಾಗೆ, ಕಂದು ಗೆರೆ. ಒಂದೂ ಬಿಟ್ಟಿರಲಿಲ್ಲ. "ಇವು ಬಿ ಕೋಶಗಳು. ಪ್ರತಿಕಾಯ ಮಾಡೋ ಕುಲ." ಎರಡನೆಯದು ಸಿಡಿ3. ಅದರಲ್ಲಿ ದೊಡ್ಡವು ನೀಲಿಯಾಗಿಯೇ ಉಳಿದು, ನಡುನಡುವೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಕಂದು ಕೋಶಗಳು. ಅವು ಟಿ ಕೋಶಗಳು, ಕಾವಲಿಗೆ ಬಂದವು, ರೋಗದ್ದಲ್ಲ. ಕೆಐ-67 ಹಾಕಿದ ಸ್ಲೈಡಿನಲ್ಲಿ ಹತ್ತಕ್ಕೆ ಎಂಟು ಕೋಶದ ನಡುಬಿಂದು ಕಂದಾಗಿತ್ತು, ಅಷ್ಟು ಕೋಶಗಳು ಒಡೆದು ಎರಡಾಗುವ ತಯಾರಿಯಲ್ಲಿದ್ದವು. ಅದನ್ನು ನೋಡಿ ನನ್ನ ಕೈ ತಣ್ಣಗಾಯಿತು.

ತೊಡಕಿದ್ದದ್ದು ಆ ಗೂಬೆಮುಖದ ಕೋಶಗಳಲ್ಲಿ. ಅವು ಹಾಡ್ಜ್‌ಕಿನ್ ಲಿಂಫೋಮಾದ ಗುರುತಿನ ಕೋಶಗಳ ಥರವೇ ಇದ್ದವು. ಹಾಡ್ಜ್‌ಕಿನ್ ಆದರೆ ಔಷಧಿಯೇ ಬೇರೆ. ಸಿಡಿ30 ಇಲ್ಲೂ ಕಂದು, ಅಲ್ಲೂ ಕಂದು, ಅದರಿಂದ ತೀರ್ಮಾನವಾಗಲಿಲ್ಲ. ಆದರೆ ಹಾಡ್ಜ್‌ಕಿನ್‌ನ ಕೋಶಗಳು ಸಾಮಾನ್ಯವಾಗಿ ಸಿಡಿ45 ಕಳೆದುಕೊಂಡಿರುತ್ತವೆ, ಸಿಡಿ20 ಇದ್ದರೂ ಮಸುಕು, ಹೆಚ್ಚಿನವು ಸಿಡಿ15 ತೋರಿಸುತ್ತವೆ. ಅಪ್ಪಯ್ಯನ ಗಂಟಿನಲ್ಲಿ ಸಿಡಿ45 ಗಾಢವಾಗಿತ್ತು, ಸಿಡಿ20 ಗಾಢವಾಗಿತ್ತು, ಸಿಡಿ15 ಇರಲಿಲ್ಲ. ಸಿಡಿ10 ಇಲ್ಲ, ಬಿಸಿಎಲ್6 ಇಲ್ಲ, ಮಮ್-1 ಇದೆ. ಮೇಡಂ ಬೆರಳು ಮಡಚುತ್ತ ಹೇಳಿದ್ದನ್ನು ಕೇಳಿ ನನಗೆ ನಮ್ಮ ಅಂಗಳದ ಅಡಿಕೆ ನೆನಪಾಯಿತು. ಮರ ಒಂದೇ. ಎಳೆಯದರಲ್ಲೇ ಕೊಯ್ದರೆ ಸರಕು, ಸ್ವಲ್ಪ ಬಲಿತರೆ ಬೆಟ್ಟೆ, ಇನ್ನೂ ಬಲಿತರೆ ರಾಶಿ, ಹಣ್ಣಾಗುವಷ್ಟು ಬಿಟ್ಟರೆ ಗೊರಬಲು. ಬಿ ಕೋಶವೂ ಹಾಗೆ ಹಂತ ಹಂತವಾಗಿ ಬಲಿಯುತ್ತದೆ, ಒಂದೊಂದು ಹಂತದಲ್ಲಿ ಒಂದೊಂದು ಪ್ರೋಟೀನು ತೊಡುತ್ತದೆ, ಕಳಚುತ್ತದೆ. ಯಾವ ಹಂತದಲ್ಲಿ ಅದು ಕೆಟ್ಟು ನಿಂತಿತು ಎಂದು ಈ ಗುರುತುಗಳು ಹೇಳುತ್ತವೆ. ಅಪ್ಪಯ್ಯನದು ಬಲಿತು ಹೊರಬಿದ್ದ ಹಂತದ್ದು. ಹೆಸರು: ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ.

"ಇನ್ನೊಂದು ಸ್ಲೈಡಿದೆ. ಇದಕ್ಕೇ ನಾಲ್ಕು ದಿನ ಜಾಸ್ತಿ ಹಿಡೀತು" ಎಂದು ಮೇಡಂ ಕೊನೆಯದನ್ನು ಇಟ್ಟರು. ವಯಸ್ಸಾದವರಲ್ಲಿ, ಇಷ್ಟೊಂದು ಸತ್ತ ಜಾಗ, ಸಿಡಿ30 ಕಂದು, ಗೂಬೆಮುಖದ ಕೋಶ, ಇಷ್ಟೂ ಒಟ್ಟಿಗೆ ಕಂಡದ್ದರಿಂದ ಅವರಿಗೆ ಅನುಮಾನ ಬಂದಿತ್ತು. ಈ ಪರೀಕ್ಷೆಯ ಹೆಸರು ಈಬರ್. ಇದರಲ್ಲಿ ಪ್ರತಿಕಾಯ ಇಲ್ಲ. ಎಪ್‌ಸ್ಟೀನ್-ಬಾರ್ ವೈರಸ್ (ಇಬಿವಿ) ಹೊಕ್ಕ ಕೋಶದೊಳಗೆ ಅದರ ಎರಡು ಪುಟ್ಟ ಆರ್‌ಎನ್‌ಎ ತುಣುಕುಗಳು ರಾಶಿರಾಶಿಯಾಗಿ ಇರುತ್ತವೆ. ಅವಕ್ಕೆ ಸರಿಯಾಗಿ ಜೋಡಿಯಾಗುವ ತುಣುಕನ್ನು ಬಣ್ಣದ ಸಮೇತ ಬಿಡುತ್ತಾರೆ. ನೋಡಿದೆ. ದೊಡ್ಡ ಕೋಶಗಳಲ್ಲಿ ಹೆಚ್ಚುಕಮ್ಮಿ ಎಲ್ಲದರ ನಡುವೆಯೂ ಕಪ್ಪನೆಯ ಬೊಟ್ಟು. ಹಿಂದಿನ ಸ್ಲೈಡಿನಲ್ಲಿ ಬೇಲಿಯಂತೆ ಸುತ್ತ ಇದ್ದ ಬಣ್ಣ ಇಲ್ಲಿ ಕೋಶದ ಗರ್ಭದಲ್ಲಿತ್ತು.

"ಅಂದ್ರೆ ಇದು ವೈರಸ್ಸಿಂದ ಬಂದದ್ದಾ?"

"ವೈರಸ್ಸೂ ಇದೆ ಅನ್ನಿ. ವೈರಸ್ಸೊಂದರಿಂದಲೇ ಬಂತು ಅಂತ ಹೇಳಲ್ಲ. ಈ ವೈರಸ್ ನಿಮ್ಮಲ್ಲೂ ಇರುತ್ತೆ, ನನ್ನಲ್ಲೂ ಇರುತ್ತೆ. ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಲ್ಲಿದೆ."

ಚಿಕ್ಕಂದಿನಲ್ಲಿ ಎಂಜಲಿನ ಮೂಲಕ ಬರುತ್ತದಂತೆ. ಬಂದದ್ದೇ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಬಿ ಕೋಶದ ಮೇಲಿನ ಸಿಡಿ21 ಎಂಬ ಪ್ರೋಟೀನನ್ನು ಹಿಡಿದು ಒಳಹೊಕ್ಕು, ನೆನಪಿನ ಬಿ ಕೋಶಗಳಲ್ಲಿ ಸದ್ದಿಲ್ಲದೆ ಜೀವಮಾನವಿಡೀ ಉಳಿಯುತ್ತದೆ. ಟಿ ಕೋಶಗಳು ಕಾವಲು ಕಾಯುತ್ತವೆ. ವಯಸ್ಸಾಗಿ ಆ ಕಾವಲು ತೆಳುವಾದರೆ, ಎಚ್‌ಐವಿ ಇದ್ದರೆ, ಕಿಡ್ನಿ ಕಸಿ ಆಗಿ ಪ್ರತಿರೋಧ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ, ವೈರಸ್ಸಿನ ಕೆಲವು ಪ್ರೋಟೀನುಗಳು ತಲೆಯೆತ್ತುತ್ತವೆ. ಅವುಗಳಲ್ಲಿ ಎಲ್‌ಎಂಪಿ-1 ಎಂಬುದೊಂದು. ಬಿ ಕೋಶ ಬೆಳೆಯಬೇಕಾದರೆ ಟಿ ಕೋಶ ಬಂದು ಒಂದು ಸನ್ನೆ ಕೊಡಬೇಕು. ಈ ಎಲ್‌ಎಂಪಿ-1 ಯಾರೂ ಕೊಡದೆಯೇ ಆ ಸನ್ನೆಯನ್ನು ಒಳಗಿಂದಲೇ ಕೊಡುತ್ತಲೇ ಇರುತ್ತದೆ: ಬದುಕು, ಬೆಳೆ. ಆರೋಗ್ಯವಂತರ ಗ್ರಂಥಿಯಲ್ಲೂ ಒಂದೆರಡು ಕೋಶದಲ್ಲಿ ಈಬರ್ ಬೊಟ್ಟು ಕಾಣಬಹುದು, ಅದಕ್ಕೆ ಅರ್ಥವಿಲ್ಲ. ರೋಗದ ಕೋಶಗಳಲ್ಲೇ, ಅದೂ ಬಹುಪಾಲು ಕೋಶಗಳಲ್ಲಿ ಕಂಡರೆ ಮಾತ್ರ ಹೆಸರಿನ ಹಿಂದೆ 'ಇಬಿವಿ ಪಾಸಿಟಿವ್' ಎಂದು ಸೇರಿಸುತ್ತಾರೆ. ಅಪ್ಪಯ್ಯನ ವರದಿಯಲ್ಲಿ ಸೇರಿಸಿದರು. ಶಿವಮೊಗ್ಗದ ಸೂಜಿಗೆ ಸತ್ತ ಕೋಶಗಳೇ ಸಿಕ್ಕಿ ಕ್ಷಯದ ಅನುಮಾನ ಹುಟ್ಟಿದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. ಈ ಬಗೆಯ ಲಿಂಫೋಮಾದಲ್ಲಿ ಗಂಟಿನ ದೊಡ್ಡ ಭಾಗ ಹಾಗೆ ಸತ್ತು ಬಿದ್ದಿರುತ್ತದಂತೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಈ ವೈರಸ್ಸಿನ ಕತೆ ಹುಡುಕಿ ಓದಿದೆ. ಡೆನಿಸ್ ಬರ್ಕಿಟ್ ಎಂಬ ಐರಿಷ್ ಸರ್ಜನ್ ಉಗಾಂಡಾದಲ್ಲಿ ಮಕ್ಕಳ ದವಡೆಯಲ್ಲಿ ವೇಗವಾಗಿ ಬೆಳೆಯುವ ಗೆಡ್ಡೆಗಳನ್ನು ನೋಡಿ 1958ರಲ್ಲಿ ಬರೆದರು. ಮಲೇರಿಯಾ ಇರುವ ಬಿಸಿ ಸೀಮೆಗಳಲ್ಲೇ ಅದು ಹೆಚ್ಚು. 1961ರಲ್ಲಿ ಲಂಡನ್ನಿನಲ್ಲಿ ಅವರ ಉಪನ್ಯಾಸ ಕೇಳಿದ ಆಂಟನಿ ಎಪ್‌ಸ್ಟೀನ್, ಇದರ ಹಿಂದೆ ವೈರಸ್ ಇರಬೇಕು ಎಂದುಕೊಂಡು ಉಗಾಂಡಾದಿಂದ ಗೆಡ್ಡೆಯ ಚೂರುಗಳನ್ನು ವಿಮಾನದಲ್ಲಿ ತರಿಸತೊಡಗಿದರು. ಎರಡು ವರ್ಷ ಏನೂ ಸಿಗಲಿಲ್ಲ. 1963ರ ಡಿಸೆಂಬರಿನಲ್ಲಿ ಒಂದು ದಿನ ಲಂಡನ್ನಿನಲ್ಲಿ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ಹೋಗಿ ಇಳಿಯಿತು. ಮಾದರಿ ಕೈಸೇರುವಾಗ ಬಾಟಲಿಯ ದ್ರವ ಕದಡಿ ಹೋಗಿತ್ತು. ಕೆಟ್ಟಿದೆ ಎಂದು ಚೆಲ್ಲದೆ ಎಪ್‌ಸ್ಟೀನ್ ಅದರ ಒಂದು ತೊಟ್ಟು ನೋಡಿದರು. ಕದಡಿದ್ದು ಗೆಡ್ಡೆಯಿಂದ ಉದುರಿ ಬಿಡಿಯಾಗಿ ತೇಲುತ್ತಿದ್ದ ಜೀವಂತ ಕೋಶಗಳಿಂದ. ಆ ಕೋಶಗಳನ್ನು ಬೆಳೆಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು, ಬರ್ಟ್ ಅಚಾಂಗ್ ಮತ್ತು ಇವೋನ್ ಬಾರ್ ಜೊತೆಗೂಡಿ 1964ರಲ್ಲಿ ವೈರಸ್ಸನ್ನು ಲೋಕಕ್ಕೆ ತೋರಿಸಿದರು. ರೈಲಿನಲ್ಲಿ ತಲೆಯಡಿ ಇಟ್ಟುಕೊಂಡು ಬಂದ ಬ್ಲಾಕ್ ನೆನಪಾಗಿ, ಆ ಮಂಜಿನ ದಿನದ ಬಾಟಲಿಯನ್ನು ಯಾರು ಹೊತ್ತು ತಂದರೋ ಅವರ ಬಗ್ಗೆ ತುಂಬ ಹೊತ್ತು ಯೋಚಿಸಿದೆ.

ಮರುದಿನ ಡಾಕ್ಟರ ಎದುರು ಅಪ್ಪಯ್ಯನಿಗೆ ವಿಷಯ ಹೇಳಬೇಕಾಯಿತು. ವೈರಸ್ ಎಂದ ಕೂಡಲೇ ಅವರು, "ಹಂಗಾರೆ ಉಣುಗು ಕಚ್ಚಿದ್ದೇ ಸೈಯಾ? ನಾನು ಎಣ್ಣೆ ಹಚ್ಕಂಡೇ ಹೋಗ್ತಿದ್ದೆ ಡಾಕ್ಟ್ರೇ" ಎಂದರು. ಅಪರಾಧ ಮಾಡಿದವರ ಹಾಗೆ ಆ ಮಾತು ಹೇಳಿದ್ದು ನೋಡಿ ನನ್ನ ಗಂಟಲು ಕಟ್ಟಿತು. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು, "ಇಲ್ಲ ಯಜಮಾನ್ರೇ, ಉಣುಗು ಅಲ್ಲ, ಮಂಗನೂ ಅಲ್ಲ. ನೀವು ತೊಟ್ಟಿಲಲ್ಲಿದ್ದಾಗಲೋ ಅಂಗಳದಲ್ಲಿ ಆಡೋವಾಗಲೋ ಬಂದಿದ್ದು. ನಿಮ್ಮ ತಪ್ಪು ಏನೂ ಇಲ್ಲ" ಎಂದರು.

ವೈರಸ್ಸಿಗೇ ಔಷಧಿ ಕೊಟ್ಟರೆ ಗಂಟು ಹೋಗುವುದಿಲ್ಲವೇ ಎಂದು ನಾನು ಕೇಳಿದೆ. ಕೆಲವು ಕಡೆ ಹಾಗೂ ಆಗುತ್ತದಂತೆ. ಗುಲ್ಮದ ಒಂದು ನಿಧಾನ ಬಗೆಯ ಲಿಂಫೋಮಾ ಹೆಪಟೈಟಿಸ್ ಸಿ ವೈರಸ್ಸಿನ ಜೊತೆ ಬರುತ್ತದೆ. ಆ ವೈರಸ್ಸಿಗೆ ಚಿಕಿತ್ಸೆ ಕೊಟ್ಟಾಗ ಲಿಂಫೋಮಾ ಕೂಡ ಇಳಿಯಿತೆಂದು 2002ರಲ್ಲಿ ಫ್ರೆಂಚ್ ವೈದ್ಯರು ತೋರಿಸಿದ್ದರು. ಇಬಿವಿಯಲ್ಲಿ ಹಾಗಾಗದು. ಸರ್ಪಸುತ್ತಿಗೆ ಕೊಡುವ ಅಸೈಕ್ಲೋವಿರ್‌ನಂಥ ಮಾತ್ರೆ, ವೈರಸ್ ತನ್ನ ಪ್ರತಿ ಮಾಡಿಕೊಳ್ಳುವಾಗ ಬಳಸುವ ಕಿಣ್ವ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಗಂಟಿನೊಳಗಿನ ವೈರಸ್ ಪ್ರತಿ ಮಾಡಿಕೊಳ್ಳುತ್ತಿಲ್ಲ, ಕೋಶದ ಜೊತೆಗೇ ಸುಮ್ಮನೆ ಹಂಚಿಹೋಗುತ್ತಿದೆ. ಹಾಗಾಗಿ ಕೋಶವನ್ನೇ ಕೊಲ್ಲಬೇಕು. ಅದಕ್ಕೆ ಆರ್-ಚಾಪ್ ಎಂಬ ಕಿಮೋ ಔಷಧಿಗಳ ಕಟ್ಟು, ಇಪ್ಪತ್ತೊಂದು ದಿನಕ್ಕೊಂದರಂತೆ ಆರು ಸಲ.

ಆ 'ಆರ್' ಅಂದರೆ ರಿಟುಕ್ಸಿಮ್ಯಾಬ್. ಮೈಕ್ರೋಸ್ಕೋಪಿನಲ್ಲಿ ಸಿಡಿ20ರ ಮೇಲೆ ಕಂದು ಬೇಲಿ ಹಾಕಿತ್ತಲ್ಲ ಪ್ರತಿಕಾಯ, ಅದರ ಜಾತಿಯದೇ ಔಷಧಿ ಇದು. ಗಾಜಿನ ಮೇಲೆ ಗುರುತು ಹಿಡಿದುಕೊಟ್ಟ ಪ್ರೋಟೀನನ್ನೇ ಇದು ಮೈಯೊಳಗೆ ಹುಡುಕಿಕೊಂಡು ಹೋಗಿ ಅಂಟಿ, ಆ ಕೋಶವನ್ನು ಕೊಲ್ಲಿಸುತ್ತದೆ. ಸ್ಲೈಡಿನಲ್ಲಿ ಸಿಡಿ20 ಬರದೆ ಹೋಗಿದ್ದರೆ ಈ ಔಷಧಿ ಕೊಡುವುದರಲ್ಲಿ ಅರ್ಥವೇ ಇರುತ್ತಿರಲಿಲ್ಲ. ಹನ್ನೊಂದು ದಿನ ಹಾಳಾಯಿತೆಂದು ನಾನು ಪಟ್ಟ ಕಷ್ಟವೆಲ್ಲ ಇಳಿದದ್ದು ಅವತ್ತು. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಈ ಔಷಧಿಯನ್ನು 2007ರಲ್ಲಿ ಹೈದರಾಬಾದಿನಲ್ಲೇ ತಯಾರಿಸತೊಡಗಿದ್ದರಿಂದ ನಮ್ಮಂಥವರ ಕೈಗೆ ಎಟುಕುವ ಹಾಗಾಯಿತು.

ಕೊಡುವ ಮುಂಚೆ ಇನ್ನೊಂದಷ್ಟು ರಕ್ತಪರೀಕ್ಷೆ. ಎಚ್‌ಐವಿ ಪರೀಕ್ಷೆಗೆ ಸಹಿ ಹಾಕಿಸಿಕೊಳ್ಳುವಾಗ ಅಪ್ಪಯ್ಯ ನನ್ನ ಮುಖ ನೋಡಲಿಲ್ಲ. ಎಲ್ಲ ಲಿಂಫೋಮಾ ರೋಗಿಗಳಿಗೂ ಮಾಡುತ್ತಾರೆಂದು ಆಪ್ತಸಮಾಲೋಚಕಿ ಮೆಲ್ಲಗೆ ವಿವರಿಸಿದ ಮೇಲೆ ಸಹಿ ಮಾಡಿದರು. ಅದು ಇಲ್ಲ, ಹೆಪಟೈಟಿಸ್ ಸಿ ಇಲ್ಲ. ಹೆಪಟೈಟಿಸ್ ಬಿಯ ಮೇಲ್ಮೈ ಪ್ರತಿಜನಕವೂ ಇಲ್ಲ. ಆದರೆ ಅದರ ತಿರುಳಿನ ವಿರುದ್ಧದ ಪ್ರತಿಕಾಯ ಇತ್ತು. ಅಂದರೆ ಯಾವಾಗಲೋ ಬಂದು ಹೋಗಿದೆ. "ಕಾಮಾಲೆ ಆಗಿತ್ತಾ?" ಎಂದಾಗ ಅಪ್ಪಯ್ಯ, ಇಪ್ಪತ್ತರ ಪ್ರಾಯದಲ್ಲಿ ಆಗಿತ್ತು, ನೆಲನೆಲ್ಲಿ ರಸ ಕುಡಿದು ಪಥ್ಯ ಮಾಡಿ ಗುಣವಾಯಿತು ಎಂದರು. ಗುಣವಾದರೂ ಈ ವೈರಸ್ ಯಕೃತ್ತಿನ ಕೋಶದಲ್ಲಿ ಬೇರು ಬಿಟ್ಟು ಮಲಗಿರುತ್ತದೆ. ರಿಟುಕ್ಸಿಮ್ಯಾಬ್ ರೋಗದ ಬಿ ಕೋಶದ ಜೊತೆ ಒಳ್ಳೆಯ ಬಿ ಕೋಶಗಳನ್ನೂ ಗುಡಿಸಿ ಹಾಕುವುದರಿಂದ, ಮಲಗಿದ್ದು ಎದ್ದು ಯಕೃತ್ತನ್ನೇ ಹಾಳು ಮಾಡಬಹುದು. ಜೀವ ಹೋದದ್ದೂ ಇದೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಎಚ್ಚರಿಕೆಯನ್ನು ಚೌಕಟ್ಟು ಹಾಕಿ ಛಾಪಿಸುವಂತೆ ಮಾಡಿದರು. ಅಪ್ಪಯ್ಯನಿಗೆ ಎಂಟೆಕವಿರ್ ಮಾತ್ರೆ ಮೊದಲೇ ಶುರು ಮಾಡಿದರು. ಖಾಲಿ ಹೊಟ್ಟೆಗೆ, ದಿನಕ್ಕೊಂದು, ಕಿಮೋ ಮುಗಿದ ಮೇಲೂ ಒಂದೂವರೆ ವರ್ಷ. ಗಂಟಿನಲ್ಲಿ ಒಂದು ವೈರಸ್ ಸಿಕ್ಕಿದ ಸುದ್ದಿಯಲ್ಲೇ ಮುಳುಗಿದ್ದ ನನಗೆ, ಜೀವಕ್ಕೆ ಹೆಚ್ಚು ಹತ್ತಿರದ ಅಪಾಯ ಇನ್ನೊಂದು ವೈರಸ್ಸಿನಿಂದ ಇತ್ತು ಎಂಬುದು ಹೊಳೆದೇ ಇರಲಿಲ್ಲ.

ಕಿಮೋದ ಬಗ್ಗೆ ಬರೆಯುವವರು ತುಂಬ ಜನ ಇದ್ದಾರೆ. ಮೊದಲ ರಿಟುಕ್ಸಿಮ್ಯಾಬ್ ಹನಿಯುವಾಗ ನಡುಕ ಬಂದು ಎರಡು ಕಂಬಳಿ ಹೊದಿಸಿದ್ದು, ಕೆಂಪು ಔಷಧಿಯ ಮರುದಿನ ಮೂತ್ರ ಕೆಂಪಾಗಿದ್ದು, ಕೂದಲು ಉದುರಿದ್ದು ಎಲ್ಲ ನಮಗೂ ಆಯಿತು. ಎರಡನೇ ಸಲ ಮುಗಿಯುವಷ್ಟರಲ್ಲಿ ಕುತ್ತಿಗೆಯ ಗಂಟುಗಳು ಕೈಗೆ ಸಿಗದಾದವು.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಲೋಟದ ವಿಷಯ. ನಡುವೆ ಊರಿಗೆ ಬಂದಾಗ, ನೋಡಲು ಬಂದಿದ್ದ ನೆಂಟರೊಬ್ಬರು ಅಪ್ಪಯ್ಯನ ಲೋಟ, ತಟ್ಟೆಯನ್ನು ತೊಳೆದು ಬಚ್ಚಲ ಕಟ್ಟೆಯ ಮೇಲೆ ಬೇರೆಯಾಗಿ ಕವುಚಿಟ್ಟರು. ವೈರಸ್ ಅಂತೆ, ಎಂಜಲಿಂದ ಬರುತ್ತಂತೆ, ಮಕ್ಕಳಿರೋ ಮನೆ. ಕೊರೋನಾ ಕಲಿಸಿದ ಹೆದರಿಕೆ ಅದು, ಅವರನ್ನು ದೂರಲಾರೆ. ಅಮ್ಮ ಬಾಯಿ ಬಿಡಲಿಲ್ಲ. ಆ ಮೇಲೆ ಅಪ್ಪಯ್ಯ ತಾವಾಗಿಯೇ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದನ್ನು ಬಿಟ್ಟರು. ಮುಂದಿನ ಭೇಟಿಯಲ್ಲಿ ನಾನೇ ಡಾಕ್ಟರ ಹತ್ತಿರ ಈ ಮಾತೆತ್ತಿದೆ. "ಲಿಂಫೋಮಾ ಅಂಟೋದಿಲ್ಲ. ಈ ವೈರಸ್ ಆ ಮಗುವಿಗೆ ಆಗಲೇ ಬಂದಿರಬಹುದು, ಇಲ್ಲಾಂದ್ರೆ ಶಾಲೆಯಲ್ಲಿ ಬರುತ್ತೆ, ಬಂದದ್ದು ಗೊತ್ತೂ ಆಗಲ್ಲ. ಕಿಮೋ ನಡೀವಾಗ ಮಗುವಿನ ನೆಗಡಿ ನಿಮಗೆ ಬರದ ಹಾಗೆ ನೋಡ್ಕೊಳ್ಳಿ, ಮಗುವಿಗೆ ನಿಮ್ಮಿಂದ ಏನೂ ಆಗಲ್ಲ" ಎಂದರು. ಆ ಸಂಜೆ ಊರಿಗೆ ಫೋನು ಹಚ್ಚಿ ಅಪ್ಪಯ್ಯ ಅಮ್ಮನಿಗೆ ಹೇಳಿದ್ದು ಇಷ್ಟೇ: "ನನ್ನ ಲೋಟ ಒಳಗಿಡೆ."

2023ರ ಆಗಸ್ಟಿನಲ್ಲಿ ಆರನೆಯದು ಮುಗಿಯಿತು. ಆಮೇಲಿನ ಪೆಟ್ ಸ್ಕ್ಯಾನಿನಲ್ಲಿ ಎಲ್ಲೂ ಏನೂ ಉರಿಯುತ್ತಿರಲಿಲ್ಲ. ಲಿವರ್ ಪರೀಕ್ಷೆ ಸರಿಯಿದೆಯಲ್ಲ, ಎಂಟೆಕವಿರ್ ಇನ್ನು ಯಾಕೆ ಎಂದು ನಡುವೆ ಒಂದಿಬ್ಬರು ಕೇಳಿದರು. ಹೇಳಿದಷ್ಟು ದಿನ ನಿಲ್ಲಿಸಲಿಲ್ಲ. ಬೆಳಿಗ್ಗೆ ಐದೂವರೆಗೆ ಮಾತ್ರೆ, ಕಾಫಿ ತಿಂಡಿ ಎರಡು ಗಂಟೆ ಕಳೆದ ಮೇಲೆ. ಬೆಳಗಿನ ಕಾಫಿಗೆ ಅಷ್ಟು ಹೊತ್ತು ಕಾಯುವುದೇ ಅಪ್ಪಯ್ಯನಿಗೆ ದೊಡ್ಡ ತಪಸ್ಸಾಗಿತ್ತು. 2024ರ ಫೆಬ್ರವರಿಯಲ್ಲಿ ಆಂಟನಿ ಎಪ್‌ಸ್ಟೀನ್ 102ನೇ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಓದಿ ಹೇಳಿದೆ. ಮಂಜಿನ ದಿನದ ಬಾಟಲಿಯ ಕತೆ ಅವರಿಗೆ ಗೊತ್ತಿತ್ತು. "ಚೆಲ್ಲಿದ್ರೆ ಹೋಗ್ತಿತ್ತಲ್ದನಾ" ಎಂದು ಸುಮ್ಮನೆ ಕೂತರು.

ಆ ಮಳೆಗಾಲದಲ್ಲಿ ಆಚೆಮನೆಯವರೊಬ್ಬರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದರು. ಗಂಟು, ಸಂಜೆ ಜ್ವರ. ಸೂಜಿ ಪರೀಕ್ಷೆಯಲ್ಲಿ ಸರಿಯಾಗಿ ಏನೂ ತಿಳಿದಿಲ್ಲ, ಮಾತ್ರೆ ಶುರು ಮಾಡೋಣ ಎಂದಿದ್ದಾರೆ ಎಂದರು. ಅಪ್ಪಯ್ಯ ಎದ್ದು ಹೋಗಿ ಅವರ ಮಫ್ಲರ್ ಸರಿಸಿ, ತಮ್ಮ ಗಂಟನ್ನು ಸರ್ಜನ್ ಮುಟ್ಟಿ ನೋಡಿದ ಹಾಗೆಯೇ ಮೂರು ಬೆರಳಲ್ಲಿ ಮುಟ್ಟಿ ನೋಡಿದರು. "ಇಡೀ ಗಂಟು ತೆಗೆಸಿ ನೋಡ್ಸು ಮಾರಾಯ. ಎರಡು ಡಬ್ಬಿ ಕೊಡ್ತಾರೆ, ಎರಡೂ ಕೊಟ್ಟು ಬಾ."

ತೆಗೆಸಿದರು. ಸಲೈನಿನ ಡಬ್ಬಿಯ ಸಿಬಿನಾಟಿನಲ್ಲಿ ಕ್ಷಯದ ಕ್ರಿಮಿ ಸಿಕ್ಕಿತು. ಟಿಬಿಯೇ ಆಗಿತ್ತು. ಆರು ತಿಂಗಳು ಮಾತ್ರೆ ತಿಂದು ಗಂಟು ಕರಗಿತು, ಈ ಸಲದ ಕೊನೆಕೊಯ್ಲಿಗೆ ಅವರೇ ಬಂದು ನಿಂತಿದ್ದರು.